ಸಹಿ ಹಾಕಿದವನಿಗೇ ಆಪರೇಷನ್

ಗೆಳೆಯರೇ, ಇವತ್ತು ನಾನು ನರ್ಸ್ ಆಗಿರುವ ವಾರ್ಡಿನಲ್ಲಿ ಅಜ್ಜಿಯೊಬ್ಬರು ನನ್ನ ಮಾನ ತೆಗೆದರು. ಬೆಟ್ಟದಪುರದ ಕಡೆಯವರು, ಎಂಬತ್ತು ದಾಟಿದೆ, ಸೊಂಟದ ಮೂಳೆ ಮುರಿದಿದೆ. ಮಗ ಹೊಗೆಸೊಪ್ಪಿನ ಹರಾಜಿನಿಂದ ಓಡಿ ಬಂದಿದ್ದ. ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಅವನ ಕೈಗಿಟ್ಟೆ. ಒಂದಕ್ಷರ ಓದದೆ ಸಹಿ ಗೀಚಿದ.

"ಇತ್ಲಾಗ್ ಕೊಡವ್ವ," ಎಂದರು ಅಜ್ಜಿ. ಕನ್ನಡಕ ಏರಿಸಿ ಓದಿ ನಕ್ಕರು. "ಇಲ್ಲಿ ರೋಗಿಯ ಸಹಿ ಅಂತ ಬರ್ದದೆ ಕಣವ್ವ. ಆಕಿರೋನು ಇವ್ನು. ಅಂಗಾದ್ರೆ ಇವ್ನಿಗೇ ಆಪ್ರೇಸನ್ ಮಾಡ್ಬುಡಿ, ನಾನು ಪಕ್ಕದಲ್ ಕುಂತು ನೋಡ್ಕತೀನಿ."

ಮಗ ಗೊಣಗಿದ: "ನಿಂಗೇನ್ ಗೊತ್ತಾಯ್ತದೆ, ಸುಮ್ಕಿರವ್ವ."

"ಸೊಂಟ ನಂದು ಕಣ್ಲಾ!"

ಹೊಸ ಪತ್ರ ತಂದೆ. ಅಜ್ಜಿ ಡಾಕ್ಟರನ್ನೇ ಕರೆಸಿದರು. "ಮಾಡುದ್ರೆ ಉಳೀತೀನಾ? ಮಾಡ್ದಿದ್ರೆ ಎಷ್ಟ್ ದಿನ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು, ಆಮೇಲೆ ನಿಧಾನವಾಗಿ ಸಹಿ ಹಾಕಿದರು. ಇಷ್ಟು ವರ್ಷ ನಾನು ಪೆನ್ನು ಕೊಟ್ಟದ್ದೆಲ್ಲ ಮಂಚದ ಪಕ್ಕ ನಿಂತವರಿಗೆ.

ಅಂದ ಹಾಗೆ, ಇದನ್ನು ಇಲ್ಲಿ ಬರೆಯಲು ಅಜ್ಜಿಯ ಒಪ್ಪಿಗೆ ಇದೆ. ಮಗನನ್ನು ಕೇಳಿಲ್ಲ.