ವೋಲ್ಗಾ ದಂಡೆಯ ಸರ್ಜನ್

ಅಡಿಲೇಡ್‌ನಲ್ಲಿ ಹೊರದೇಶದ ಡಾಕ್ಟರುಗಳು ಪಾಸಾಗಲೇಬೇಕಾದ ಲೈಸೆನ್ಸಿನ ಪರೀಕ್ಷೆಗೆ ನಾನು ಓದುತ್ತಿದ್ದಾಗ, ಲೈಬ್ರರಿಯಲ್ಲಿ ನನ್ನೆದುರು ಒಬ್ಬ ರಷ್ಯನ್ ಸರ್ಜನ್ ಕೂರುತ್ತಿದ್ದರು. ವೋಲ್ಗಾ ದಂಡೆಯ ಅವರ ಊರಿನ ಚೌಕದಲ್ಲಿ, ಗಣ್ಯರ ಫೋಟೋಗಳ ಸಾಲಿನಲ್ಲಿ ಅವರದೂ ಇತ್ತಂತೆ. ಇಲ್ಲಿ ಬೆಳಿಗ್ಗೆ ವೃದ್ಧಾಶ್ರಮವೊಂದರ ನೆಲ ಒರೆಸಿ, ಮಧ್ಯಾಹ್ನ ಓದಲು ಬರುತ್ತಿದ್ದರು. ಮೊಣಕೈವರೆಗೆ ತೊಳೆದ ಕೈಗಳನ್ನು, ಆಪರೇಷನ್‌ಗೆ ಹೊರಟವರಂತೆ, ಎತ್ತಿ ಹಿಡಿದೇ ಒಳಗೆ ಬರುವರು. ಇಂಗ್ಲಿಷಿನಲ್ಲಿ ತಡವರಿಸಿದಾಗಲೆಲ್ಲ "ಪರವಾಗಿಲ್ಲ, ಮತ್ತೆ ಹೇಳ್ತೀನಿ" ಎನ್ನುವರು. ಮತ್ತೆ ಹೇಳುವರು.

ಫಲಿತಾಂಶ ಬಂತು. ನಾನು ಪಾಸಾದೆ, ಅವರು ಮೂರನೆಯ ಸಲ ಫೇಲಾದರು.

"ಅವರ ಮುಖ ಹೇಗ್ರೀ ನೋಡ್ತೀರಾ? ಇವತ್ತು ಲೈಬ್ರರಿಗೆ ಹೋಗ್ಬೇಡಿ" ಎಂದಳು ನನ್ನ ಹೆಂಡತಿ.

ಆದರೂ ಹೋದೆ. ನನ್ನನ್ನು ಕಂಡೊಡನೆ ಅವರು ಎದ್ದು ಬಂದು ಕೈ ಕುಲುಕಿದರು. ಸಮಾಧಾನದ ಮಾತಿಗಾಗಿ ನಾನು ತಡಕಾಡುತ್ತಿದ್ದೆ.

"ಡಾಕ್ಟರ್, ನೀವು ಓದ್ತಿದ್ದ ಆ ಪುಸ್ತಕ ನಿಮಗಿನ್ನು ಬೇಡ ಅಲ್ವಾ?" ಎಂದರು. "ನೀವು ಗೆರೆ ಎಳೆದಿದ್ದೆಲ್ಲ ಪರೀಕ್ಷೇಲಿ ಬಂತು. ನನಗೆ ಕೊಡಿ."

ಬ್ಯಾಗಿನಿಂದ ತೆಗೆದುಕೊಟ್ಟು, ಕಾಫಿಗೆ ಕರೆದೆ.

"ಮೊದಲು ಪಾಸಾಗ್ತೀನಿ, ಆಮೇಲೆ ನಾನೇ ಕುಡಿಸ್ತೀನಿ" ಎಂದು ಕೂತು ಮೊದಲ ಪುಟ ತೆರೆದರು. ನಾನೂ ಕುರ್ಚಿ ಎಳೆದುಕೊಂಡು ಪ್ರಶ್ನೆ ಕೇಳತೊಡಗಿದೆ.

ಅವರು ಪಾಸಾದದ್ದು ಐದನೆಯ ಸಲ.