ಸಾನ್ನದ ಹೆಸರಿನಲ್ಲಿ ಒಂದು ಶಾಲು

ಕತಾರಿನಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಮೊದಲ ಪ್ರಶ್ನೆ ‘ಯಾವ ಊರು?’, ಎರಡನೆಯದು ‘ಅಲ್ಲಿ ಯಾರ ಪೈಕಿ?’. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಇಬ್ಬರೂ ನೆಂಟರಾಗಿರುತ್ತಾರೆ, ಇಲ್ಲವೇ ಅಜ್ಜಂದಿರ ಕಾಲದ ಜಗಳವೊಂದು ಪತ್ತೆಯಾಗಿರುತ್ತದೆ. ಈ ಪ್ರಶ್ನೆಗಳನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದ ಜಾಗ ಒಂದೇ. ಅದು ಫೋನಿನೊಳಗಿತ್ತು, ಅದನ್ನು ನಡೆಸುತ್ತಿದ್ದವರು ಉಮ್ಮ್ ಸಲಾಲ್‌ನ ಉರ್ಸುಲಾ.

ಉರ್ಸುಲಾ ಕರಾವಳಿಯ ಶಿರ್ವದ ಕಡೆಯವರು. ಸ್ಟೇಡಿಯಮ್ಮುಗಳಲ್ಲಿ ಕುರ್ಚಿ ಜೋಡಿಸುವ ಕಂಪನಿಯಲ್ಲಿ ಕ್ಲರ್ಕು. ಫುಟ್ಬಾಲ್ ವಿಶ್ವಕಪ್ಪಿಗೆಂದು ಬರುವ ಲೋಕವೆಲ್ಲ ಎಲ್ಲೆಲ್ಲಿ ಕೂರಬೇಕೋ ಆ ನಕ್ಷೆಗಳಿಗೆ ಸೀಲು ಒತ್ತಿ ಫೈಲಿಗೆ ಸೇರಿಸುವುದು ಅವರ ಕೆಲಸ. ಐವತ್ತು ದಾಟಿದ ಮೇಲೂ ಮೆಟ್ಟಿಲ ಮೇಲೆ ಯಾರಾದರೂ ದಪದಪ ಹೆಜ್ಜೆಯಿಟ್ಟು ಹತ್ತಿದರೆ ಅವರ ಹೊಟ್ಟೆ ಹಿಂಡಿದಂತಾಗುತ್ತಿತ್ತು. ಗ್ಯಾಸು ಎಂದು ಔಷಧಿ ಕುಡಿದರು. ಕೊನೆಗೆ ಒಬ್ಬ ಕೌನ್ಸೆಲರಮ್ಮ, ಇದು ಗ್ಯಾಸಲ್ಲ, ಬಾಲ್ಯ ಎಂದರು. ಒಂದು ದಿನದ ಅಪಘಾತವಲ್ಲ, ವರ್ಷಗಟ್ಟಲೆ ದಿನವೂ ಹೆದರಿ ಬೆಳೆದವರಿಗೆ ಆಗುವಂಥದ್ದು. ಇಂಗ್ಲಿಷಿನಲ್ಲಿ ಇದಕ್ಕೆ ಕಾಂಪ್ಲೆಕ್ಸ್ ಟ್ರಾಮಾ ಎನ್ನುತ್ತಾರೆ ಎಂದೂ ಹೇಳಿದರು. ಆ ಬಾಲ್ಯದಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅದನ್ನು ಎಲ್ಲಿ ಹೇಳಬೇಕೋ ಅಲ್ಲಿ ಅವರು ಹೇಳಿಕೊಂಡಿದ್ದಾರೆ.

ಮೊದಮೊದಲು ಇಂಗ್ಲಿಷಿನವರ ಆನ್‌ಲೈನ್ ಕೂಟವೊಂದಕ್ಕೆ ಸೇರಿದರು. ಅಲ್ಲಿ ಎಲ್ಲರೂ ಎಲ್ಲರಿಗೂ ಅಪ್ಪುಗೆಯ ಚಿತ್ರ ಕಳಿಸುತ್ತಿದ್ದರು. ಒಳ್ಳೆಯ ಜನವೇ. ಆದರೆ ಉರ್ಸುಲಾಗೆ ಇಂಗ್ಲಿಷಿನಲ್ಲಿ ಅಳಲು ಬರಲಿಲ್ಲ. ಮನೆಮಾತಾದ ಕೊಂಕಣಿಯಲ್ಲಿ ತಾವೇ ಒಂದು ಕೂಟ ಶುರುಮಾಡೋಣವೆಂದರೆ ನಾಲ್ಕು ವಾಕ್ಯ ಬರೆಯುವಷ್ಟರಲ್ಲಿ ಬರೆದವಳು ಯಾವ ಚರ್ಚಿನವಳು ಎಂದು ಓದಿದವರಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಕನ್ನಡ. ನಂಬರು ಕಾಣಿಸದ ಒಂದು ಆ್ಯಪ್ ಹುಡುಕಿ ಅದರಲ್ಲಿ ಕೋಣೆಯೊಂದನ್ನು ತೆರೆದರು. ಸೇರಿದವರೆಲ್ಲ ತರಕಾರಿಯ ಹೆಸರು ಇಟ್ಟುಕೊಳ್ಳಬೇಕು. ಉರ್ಸುಲಾ ಬಸಳೆಯಾದರು. ದೋಹಾದ ನಜ್ಮಾ ಬಡಾವಣೆಯ ಹಂಚಿಕೊಂಡ ರೂಮಿನಿಂದ ಬರೆಯುವ ಒಬ್ಬ ನುಗ್ಗೆಕಾಯಿಯಾದ. ತೊಂಡೆಕಾಯಿಗೆ ಇಬ್ಬರು ಆಸೆಪಟ್ಟು ಒಂದಿಷ್ಟು ಮನಸ್ತಾಪವೂ ಆಯಿತು.

ಕೋಣೆಯ ಕಾನೂನು ಕಠಿಣವಾಗಿತ್ತು. ಗುಡ್ ಮಾರ್ನಿಂಗ್ ಹೂವು ಹಾಕಿದವರಿಗೆ ಒಂದು ವಾರ ಹೊರಗೆ. ‘ಎಷ್ಟಾದರೂ ಹೆತ್ತವರಲ್ಲವೇ, ಕ್ಷಮಿಸಿಬಿಡಿ’ ಎಂದವರಿಗೆ ಇನ್ನೂ ಒಂದು ವಾರ ಹೆಚ್ಚು. ಕೇಳದೆ ಬುದ್ಧಿ ಹೇಳುವಂತಿಲ್ಲ. ಯಾರಾದರೂ ತಮ್ಮ ನೋವು ಬರೆದರೆ ಉಳಿದವರು ‘ಕೇಳಿಸಿತು’ ಎಂದಷ್ಟೇ ಬರೆಯಬೇಕು. ಕನ್ನಡಿಗರನ್ನು ಬುದ್ಧಿ ಹೇಳದಂತೆ ಕೂರಿಸುವುದೆಂದರೆ ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಉರ್ಸುಲಾ ಅದನ್ನೂ ತೂಗಿದರು.

ಹೀಗೆ ನಾಲ್ಕು ವರ್ಷ ನಡೆಯಿತು. ಅಷ್ಟರಲ್ಲಿ ವಿಶ್ವಕಪ್ಪು ಹತ್ತಿರ ಬಂತು, ಅದಕ್ಕೂ ಮೊದಲೇ ಸನ್ಮಾನ ಬಂತು.

ದೋಹಾದ ‘ಮರಳುಮಲ್ಲಿಗೆ ಕನ್ನಡ ಬಳಗ’ದವರು ಪಂದ್ಯಗಳು ಶುರುವಾದರೆ ಹಾಲ್ ಸಿಗುವುದಿಲ್ಲವೆಂದು ನವೆಂಬರ್ ಮೊದಲ ಶುಕ್ರವಾರವೇ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಸಾಹಿತ್ಯ, ಕಲೆ, ಕ್ರೀಡೆ ಮೂರಕ್ಕೂ ಶಾಲು ಹೊದೆಸಿಕೊಳ್ಳುವವರು ತಯಾರಿದ್ದರು. ಸಮಾಜಸೇವೆಗೆ ಮಾತ್ರ ಹೆಗಲು ಖಾಲಿ. ಕಮಿಟಿ ಮೀಟಿಂಗಿನಲ್ಲಿ ‘ಯಾರೂ ಇಲ್ವೇನ್ರೀ?’ ಎಂದು ಅಧ್ಯಕ್ಷರು ಕೇಳಿದಾಗ ಸುರತ್ಕಲ್ಲಿನ ಲೀಲಾಕ್ಷಿಗೆ ತಡೆಯಲಾಗಲಿಲ್ಲ. ಉರ್ಸುಲಾರ ಆಫೀಸಿನವರೇ ಆದ ಆಕೆಗೆ ಕೋಣೆಯ ವಿಷಯ ಗೊತ್ತಿತ್ತು. ಪ್ರೀತಿಯಿಂದಲೇ ಹೇಳಿಬಿಟ್ಟರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಆಹ್ವಾನಪತ್ರಿಕೆ ಕತಾರಿನ ಕನ್ನಡಿಗರ ಫೋನುಗಳನ್ನೆಲ್ಲ ಸುತ್ತಿ ಬಂದಿತ್ತು. ‘ನೊಂದ ಜೀವಗಳ ಆಶಾಕಿರಣ ಶ್ರೀಮತಿ ಉರ್ಸುಲಾ ಅವರಿಗೆ ಸನ್ಮಾನ. ಅವರ ಆನ್‌ಲೈನ್ ಬಳಗದ ನೊಂದ ಸದಸ್ಯರೆಲ್ಲರೂ ವೇದಿಕೆಯ ಮೇಲೆ ಉಪಸ್ಥಿತರಿರುವರು.’

“ಎಂತ ಮಾಡಿದ್ದು ನೀನು, ಮಾರಾಯ್ತಿ?” ಎಂದರು ಉರ್ಸುಲಾ.

“ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ, ಉರ್ಸುಲಕ್ಕ. ಒಳ್ಳೇದೇ ಅಲ್ವಾ?”

“ನಾಲ್ಕು ಜನಕ್ಕೆ ಗೊತ್ತಾಗ್ಬಾರ್ದು ಅಂತಲೇ ಅಲ್ವಾ ನಾನು ನಾಲ್ಕು ವರ್ಷ ಕೂತದ್ದು!”

ಸಂಜೆ ಕೋಣೆ ತೆರೆದರೆ ಅರ್ಧ ತರಕಾರಿ ಅಂಗಡಿಯೇ ಖಾಲಿ. ನುಗ್ಗೆಕಾಯಿ ಇಲ್ಲ. ತೊಂಡೆಕಾಯಿ ಇಲ್ಲ. ಹೆಚ್ಚು ನೋಯಿಸಿದ್ದು ಹಾಗಲಕಾಯಿ. ಚಿಕ್ಕ ಹುಡುಗಿ, ಕೋಣೆಗೆ ಬಂದು ಒಂದು ವರ್ಷವಾಗಿದ್ದರೂ ಒಂದು ಮಾತೂ ಬರೆದಿರಲಿಲ್ಲ. ಸುಮ್ಮನೆ ಓದುತ್ತಿದ್ದಳು. ಕಳೆದ ವಾರವಷ್ಟೇ ಮೊದಲ ಬಾರಿಗೆ ಬಾಯಿ ಬಿಟ್ಟು, ತಾನು ಯಾರಿಗೆ ಹೆದರಿ ಬೆಳೆದಳೋ ಆ ದೊಡ್ಡಪ್ಪ ಈಗ ದೋಹಾದಲ್ಲೇ ಇದ್ದಾರೆ, ಸಂಘದ ಕಾರ್ಯಕ್ರಮಗಳಲ್ಲಿ ಮೊದಲ ಸಾಲಿನಲ್ಲೇ ಕೂರುತ್ತಾರೆ ಎಂದು ಬರೆದಿದ್ದಳು. ‘ಉಳಿದದ್ದನ್ನು ಮುಂದಿನ ವಾರ ಹೇಳುತ್ತೇನೆ’ ಎಂದಿದ್ದಳು. ಈಗ ಒಂದೇ ಸಾಲು: ‘ಅಕ್ಕ, ನಾನು ಹೊರಟೆ.’

ಗೋದಾಮಿನ ಕೆಲಸ ಮುಗಿಸಿ ಬಂದ ಗಂಡ ಎಡ್ವರ್ಡ್ ಟಿವಿ ಹಾಕುವ ಮೊದಲು ಹೆಂಡತಿಯ ಮುಖ ನೋಡಿದರು. “ಸನ್ಮಾನ ಬೇಡ ಅಂತ ಒಂದು ಮೆಸೇಜ್ ಹಾಕು. ಖಲಾಸ್.”

“ಮೆಸೇಜ್ ಅಲ್ಲ. ಮನೆಗೇ ಹೋಗ್ತೇನೆ,” ಎಂದರು ಉರ್ಸುಲಾ.

ಅಧ್ಯಕ್ಷ ನಾರಾಯಣಸ್ವಾಮಿಯವರ ವಿಲ್ಲಾ ಅಲ್ ರಯ್ಯಾನ್‌ನಲ್ಲಿತ್ತು. ಮೈಸೂರಿನವರು, ದೊಡ್ಡ ಹುದ್ದೆ. ನಡುಮನೆಯ ಗೋಡೆಯ ತುಂಬ ಅವರು ಇತರರಿಗೆ ಶಾಲು ಹೊದೆಸುತ್ತಿರುವ ಫೋಟೋಗಳು. ಎಲ್ಲದರಲ್ಲೂ ಶಾಲು ಹೊದ್ದವರು ಅರ್ಧಂಬರ್ಧ, ಹೊದೆಸಿದವರು ಪೂರ್ತಿ ಕಾಣುತ್ತಿದ್ದರು.

“ಬನ್ನಿ ಮೇಡಂ, ಬನ್ನಿ! ಭಾಷಣಕ್ಕೆ ಐದು ನಿಮಿಷ ಸಾಕಲ್ಲ?”

“ಸನ್ಮಾನ ಬೇಡ ಸರ್.”

ನಾರಾಯಣಸ್ವಾಮಿ ನಕ್ಕರು. ಅವರ ಅನುಭವದಲ್ಲಿ ಬೇಡ ಎಂದವರೆಲ್ಲ ಇನ್ನೇನೋ ಬೇಕು ಎನ್ನುತ್ತಿದ್ದವರೇ. “ಕಾರ್ಡಲ್ಲಿ ನಿಮ್ಮ ಫೋಟೋ ಚಿಕ್ಕದಾಯ್ತು ಅಂತ ತಾನೆ? ದೊಡ್ಡದು ಮಾಡಿಸ್ತೀನಿ.”

“ಫೋಟೋದ್ದಲ್ಲ ಸರ್.”

“ಪೇಟ? ಹೆಂಗಸರಿಗೂ ಪೇಟ ಇಡ್ತೀವಿ ಈ ಸಲ. ಹಣ್ಣಿನ ಬುಟ್ಟೀಲಿ ಡ್ರ್ಯಾಗನ್ ಫ್ರೂಟೂ ಇರುತ್ತೆ.”

“ನನ್ನ ಜನ ಸ್ಟೇಜ್ ಹತ್ತೋ ಹಾಗಿಲ್ಲ ಸರ್. ಅವರು ಯಾರು ಅಂತ ನನಗೂ ಗೊತ್ತಿಲ್ಲ. ನಿಮ್ಮ ಕಾರ್ಡು ನೋಡಿ ಅರ್ಧಕ್ಕರ್ಧ ಜನ ಹೆದರಿ ಓಡಿದ್ದಾರೆ.”

ನಾರಾಯಣಸ್ವಾಮಿ ಸೋಫಾದಲ್ಲಿ ಹಿಂದಕ್ಕೊರಗಿದರು. “ಅಲ್ಲಾ ಮೇಡಂ, ಇದರಲ್ಲಿ ಹೆದರೋದೇನಿದೆ? ಬಾಲ್ಯದಲ್ಲಿ ಏಟು ತಿನ್ನದೇ ಇರೋರು ಯಾರು ಹೇಳಿ? ನಮ್ಮಪ್ಪ ಬೆಲ್ಟ್ ಬಿಚ್ಚಿದ್ರೆ ಬೀದಿಗೆಲ್ಲ ಕೇಳಿಸ್ತಿತ್ತು. ನಾನೇನು ಗ್ರೂಪ್ ಮಾಡ್ಕೊಂಡು ಕೂತ್ನಾ? ಅದರಿಂದಾನೇ ಇವತ್ತು ಈ ಪೊಸಿಷನ್‌ನಲ್ಲಿದ್ದೀನಿ.”

ಬೇರೆ ಯಾರಾದರೂ ಆಗಿದ್ದರೆ ವಾದಕ್ಕಿಳಿಯುತ್ತಿದ್ದರು. ಉರ್ಸುಲಾಗೆ ನಾಲ್ಕು ವರ್ಷದ ಅಭ್ಯಾಸ.

“ಕೇಳಿಸಿತು ಸರ್,” ಎಂದು ಸುಮ್ಮನಾದರು.

ಎದುರಿಗಿರುವವರು ಬುದ್ಧಿ ಹೇಳದೆ ಸುಮ್ಮನೆ ಕೂತರೆ ಮನುಷ್ಯನಿಗೆ ದಿಕ್ಕು ತೋಚುವುದಿಲ್ಲ. ನಾರಾಯಣಸ್ವಾಮಿ ಮಾತು ಮುಂದುವರಿಸಿದರು. “ಮಾರ್ಕ್ಸ್ ಕಾರ್ಡ್ ಬಂದ ದಿನ ಸ್ನಾನದ ಮನೇಲಿ ಕೂಡಿಹಾಕೋರು. ಹಂಡೆ ಹಿಂದೆ. ಕತ್ತಲೆ. ಚಿಲಕ ಹೊರಗಡೆ…” ಎಂದವರು, “ಈಗಲೂ ಆಫೀಸಿನ ಲಿಫ್ಟಲ್ಲಿ ಹೋಗಲ್ಲ ನಾನು. ಎಕ್ಸರ್‌ಸೈಜ್ ಅಂತ ಹೇಳ್ಕೊಂಡಿದ್ದೀನಿ ಎಲ್ಲರ ಹತ್ರ,” ಎಂದರು.

ಕಾಫಿ ತಟ್ಟೆ ಹಿಡಿದು ಬಂದ ಅವರ ಪತ್ನಿ ಭಾನುಮತಿ ಬಾಗಿಲಲ್ಲೇ ನಿಂತರು. “ರೀ, ಇದನ್ನ ನಂಗ್ಯಾವತ್ತೂ ಹೇಳೇ ಇಲ್ವಲ್ಲ ನೀವು!”

ನಾರಾಯಣಸ್ವಾಮಿ ಗೋಡೆಯ ಮೇಲಿನ ತಮ್ಮ ಫೋಟೋಗಳ ಕಡೆ ನೋಡಿದರು. ಅಷ್ಟೂ ಜನ ನಾರಾಯಣಸ್ವಾಮಿಗಳಲ್ಲಿ ಒಬ್ಬರೂ ಸಹಾಯಕ್ಕೆ ಬರಲಿಲ್ಲ.

“ಸರ್, ಈಗ ಹೇಳಿದ್ದನ್ನ ಶುಕ್ರವಾರ ಮೈಕಲ್ಲಿ ಹೇಳ್ತೀರಾ? ಎಲ್ಲರೆದುರು?”

“ಛೆ ಛೆ! ಏನ್ ಮೇಡಂ ನೀವು…”

“ನನ್ನ ಜನರೂ ಅದನ್ನೇ ಹೇಳ್ತಿದ್ದಾರೆ ಸರ್.”

ಭಾನುಮತಿ ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಕೊನೆಗೆ ನಾರಾಯಣಸ್ವಾಮಿ, “ಕಾರ್ಡ್ ಕ್ಯಾನ್ಸಲ್ ಮಾಡ್ಸ್‌ಬಿಡ್ತೀನಿ,” ಎಂದರು. ಆ ದನಿಯಲ್ಲಿ ಅಧ್ಯಕ್ಷರು ಇರಲಿಲ್ಲ.

ಭಾನುಮತಿ ಬೇಡವೆಂದು ತಲೆಯಾಡಿಸಿದರು. “ಕ್ಯಾನ್ಸಲ್ ಮಾಡಿದ್ರೆ ಇನ್ನೂ ಜಾಸ್ತಿ ಕೆದಕ್ತಾರೆ ಕಣ್ರೀ, ಯಾಕೆ, ಏನು, ಯಾರು ಅಂತ. ಕಾರ್ಡಲ್ಲಿ ತಪ್ಪಾಯ್ತು, ಸನ್ಮಾನ ಬೇರೆ ವಿಷಯಕ್ಕೆ ಅಂದ್ಬಿಡಿ. ಆಗ ಗ್ರೂಪಿನ ಮಾತೇ ಮುಚ್ಚಿಹೋಗುತ್ತೆ.” ಆಮೇಲೆ ಉರ್ಸುಲಾ ಕಡೆ ತಿರುಗಿ, “ನಿಮ್ಮವರು ಹಬ್ಬಕ್ಕೆ ಸಾನ್ನ ಅಂತ ಮಾಡ್ತಾರಲ್ಲ, ಇಡ್ಲಿ ಥರ ಉಬ್ಬಿರುತ್ತಲ್ಲ ಮೆತ್ತಗೆ, ಅದು ಚೆನ್ನಾಗಿ ಬರುತ್ತಾ ನಿಮಗೆ?” ಎಂದರು.

“ಬರ್ತದೆ,” ಎಂದರು ಉರ್ಸುಲಾ.

ಇದು ಶುದ್ಧ ಸುಳ್ಳು. ಮದುವೆಯಾದ ವರ್ಷ ಅವರು ಮಾಡಿದ ಸಾನ್ನವನ್ನು ಅತ್ತೆ ಮೌನವಾಗಿ ಕೋಳಿಗೂಡಿಗೆ ಹಾಕಿದ್ದರು. ಕೋಳಿಗಳೂ ಮೌನವಾಗಿ ಬಿಟ್ಟಿದ್ದವು. ಅಂದಿನಿಂದ ಮನೆಯ ಅಡುಗೆ ಎಡ್ವರ್ಡ್ ಅವರದು.

ಶುಕ್ರವಾರ ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ಬಿಳಿ ಅಂಗಿಯ ಹಿರಿಯರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರಲ್ಲಿ ಆ ದೊಡ್ಡಪ್ಪ ಯಾರೋ ಉರ್ಸುಲಾಗೆ ಗೊತ್ತಿರಲಿಲ್ಲ. ವೇದಿಕೆಯಿಂದಲೇ ಒಬ್ಬೊಬ್ಬರ ಮುಖವನ್ನೂ ರೆಪ್ಪೆ ಬಡಿಯದೆ ನೋಡಿದರು. ಆಮೇಲೆ ನೆಟ್ಟಗೆ ನಿಂತರು.

“ಕಡಲತಡಿಯ ರುಚಿಯನ್ನು ಮರಳುನಾಡಿಗೆ ತಂದ ಪಾಕಪ್ರವೀಣೆ!” ಎಂದು ನಿರೂಪಕಿ ಕೂಗಿದಳು. ನಾರಾಯಣಸ್ವಾಮಿ ಶಾಲು ಹೊದೆಸಿದರು. ಫೋಟೋಗ್ರಾಫರ್ ‘ಸರ್, ಈ ಕಡೆ’ ಎಂದರೂ ಅವರು ತಿರುಗಲಿಲ್ಲ. “ಆ ಗ್ರೂಪು ಅಂತ ಏನೋ ಬಂದಿತ್ತಲ್ಲ ಸರ್?” ಎಂದು ಮೊದಲ ಸಾಲಿನಿಂದ ಯಾರೋ ಕೇಳಿದರು. ಅಧ್ಯಕ್ಷರು ಮೈಕನ್ನೇ ಹಿಡಿದು, “ಅದು ಸಾನ್ನ ಮಾಡೋರ ಅಡುಗೆ ಗ್ರೂಪು ಕಣ್ರೀ. ಡಿಸೈನ್ ಮಾಡಿದ ಹುಡುಗ ಇನ್ಯಾವುದೋ ಕಾರ್ಡಿನ ಸಾಲು ಅಂಟಿಸಿಬಿಟ್ಟಿದ್ದ,” ಎಂದರು. ಸಭೆ ಗೊಳ್ಳೆಂದು ನಕ್ಕಿತು. ವೇದಿಕೆಯಲ್ಲೇ ಉರ್ಸುಲಾರ ಹಿಂದೆ ಕೂತಿದ್ದ ಎಡ್ವರ್ಡ್ ಮಾತ್ರ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು.

ಆದರೆ ಸುಳ್ಳಿಗೆ ಸಾನ್ನ ಬೇಕಲ್ಲ. ಸಭೆ ಮುಗಿಯುವ ಮೊದಲೇ ಆರ್ಡರುಗಳು ಬಂದವು. ನಾಮಕರಣಕ್ಕೆ, ಆಫೀಸಿನ ಪಾರ್ಟಿಗೆ, ಬ್ರೆಜಿಲ್ ಪಂದ್ಯ ನೋಡಲು ಸೇರುವವರಿಗೆ. ಇಲ್ಲವೆಂದರೆ ಅನುಮಾನ. ಉರ್ಸುಲಾ ಒಂದಕ್ಕೂ ಇಲ್ಲವೆನ್ನಲಿಲ್ಲ. ಊರಿನಲ್ಲಿ ಶೇಂದಿ ಹಾಕಿ ಹುದುಗಿಸುವ ಹಿಟ್ಟನ್ನು ಇಲ್ಲಿ ಯೀಸ್ಟಿನಲ್ಲಿ ಹುದುಗಿಸಬೇಕು. ಎಡ್ವರ್ಡ್ ಗುರುವಾದರು. “ಅಕ್ಕಿ ಮೇಲೆ ಸಿಟ್ಟು ತೀರಿಸ್ಬೇಡ. ಹಿಟ್ಟಿಗೂ ನಿನ್ನ ಕೋಣೆ ಕಾನೂನೇ: ಸುಮ್ಮನೆ ಬಿಡು, ಅದರಷ್ಟಕ್ಕೆ ಏಳ್ತದೆ.” ಮೊದಲ ಎರಡು ಸಲ ಏಳಲಿಲ್ಲ. ಉರ್ಸುಲಾ ಮೂರನೆಯ ಸಲ ಅಕ್ಕಿ ನೆನೆಹಾಕಿದರು.

ಇತ್ತ ಕೋಣೆಯಲ್ಲಿ ನುಗ್ಗೆಕಾಯಿ ಮರಳಿತು. ತೊಂಡೆಕಾಯಿ ಮರಳಿ, ಈ ನಡುವೆ ತನ್ನ ಹೆಸರನ್ನು ಬೇರೆ ಯಾರಿಗಾದರೂ ಕೊಟ್ಟಿದ್ದಾರೋ ಎಂದು ಮೊದಲು ವಿಚಾರಿಸಿತು. ಬಸಳೆ ಯಾರೆಂದು ಈಗ ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತೆತ್ತಲಿಲ್ಲ. ಇಬ್ಬರು ಬರಲೇ ಇಲ್ಲ. ಹಾಗಲಕಾಯಿಯೂ ಇರಲಿಲ್ಲ. ಉರ್ಸುಲಾ ಪ್ರತಿ ಶುಕ್ರವಾರ ಮಧ್ಯಾಹ್ನ ಎಂದಿನಂತೆ ಕೋಣೆ ತೆರೆದು ಒಂದೇ ಸಾಲು ಬರೆಯುತ್ತಿದ್ದರು: ‘ಬಾಗಿಲು ತೆರೆದಿದೆ. ಒಳಗಿರುವವರು ಒಳಗಿನವರಿಗಷ್ಟೇ ಗೊತ್ತು.’

ವಿಶ್ವಕಪ್ಪು ಶುರುವಾಗಿ ದೋಹಾದ ಬೀದಿಗಳಲ್ಲಿ ಅರ್ಜೆಂಟೀನಾ, ಮೊರೊಕ್ಕೊ ಎಂದು ಜನ ಕುಣಿಯುತ್ತಿದ್ದ ಒಂದು ಶುಕ್ರವಾರ. ಹಬೆಪಾತ್ರೆ ಒಲೆಯ ಮೇಲಿತ್ತು, ಸಾನ್ನಕ್ಕೆ ಬರುವವರು ದಾರಿಯಲ್ಲಿದ್ದರು. ಫೋನಿನಲ್ಲಿ ಹಾಗಲಕಾಯಿಯ ಹೆಸರು ಬೆಳಗಿತು.

‘ಅಕ್ಕ, ನಾನೂ ಆ ದಿನ ಹಾಲ್‌ನಲ್ಲಿದ್ದೆ. ಹಿಂದಿನ ಸಾಲು. ದೊಡ್ಡಪ್ಪನೂ ನಗ್ತಾ ಇದ್ರು ಸಾನ್ನ ಅಂತ. ಅವರಿಗೆ ಏನೂ ಗೊತ್ತಾಗಲಿಲ್ಲ.’

ಪರದೆಯ ಮೇಲೆ ‘ಬರೆಯುತ್ತಿದ್ದಾರೆ’ ಎಂದು ಬಂತು. ಹೋಯಿತು. ಮತ್ತೆ ಬಂತು.

“ನೀರು ಕುದೀತಾ ಉಂಟು!” ಎಂದು ಎಡ್ವರ್ಡ್ ಅಡುಗೆಮನೆಯಿಂದ ಕೂಗಿದರು. “ಹಿಟ್ಟು ಎದ್ದಿದೆ ಮಾರಾಯ್ತಿ, ಬಂದು ನೋಡು!”

“ನೀವೇ ಬೇಯಿಸಿ. ಯಾರು ಬಂದ್ರೂ ನಾನಿಲ್ಲ ಅನ್ನಿ.”

ಕುರ್ಚಿಯನ್ನು ಗೋಡೆಗೆ ಆನಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವರು ಕೂತರು. ಗೇಟಿನ ಬೆಲ್ಲು ಒಂದು ಸಲ ಹೊಡೆಯಿತು, ಇನ್ನೊಂದು ಸಲ ಹೊಡೆಯಿತು. ಎಡ್ವರ್ಡ್ ‘ಬಂದೆ, ಬಂದೆ’ ಎನ್ನುತ್ತ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ಹುಡುಗಿ ಬರೆಯುತ್ತಲೇ ಇದ್ದಳು.