ವಾಡಿಯ ಮೈದಾನದಲ್ಲಿ ಸೀಟಿ ಊದಿದ ಮೇಲೆ

ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಿಂದ ಫೋನು ಬಂದಾಗ ನಾನು ಚಿತ್ತಾಪುರದ ನಮ್ಮ ಕಾಲೇಜಿನ ಮೈದಾನದಲ್ಲಿ ಹುಡುಗಿಯರ ಖೋಖೋಗೆ ಸುಣ್ಣದ ಗೆರೆ ಹಾಕಿಸುತ್ತಿದ್ದೆ. ಮಾತಾಡಿದವರು ಅಲ್ಲಿಗೆ ಹೊಸದಾಗಿ ಬಂದ ಮೇಡಂ. "ಸರ್, ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಇತಿಹಾಸ ಸ್ಮರಣ ಸಂಚಿಕೆಗೆ ಬೇಕಾಗ್ಯಾದ್ರಿ. ಮೊದಲನೇ ತಂಡದಾಗ ನೀವು ಇದ್ರಂತಲ್ಲ, ಎರಡು ಪುಟ ಬರದು ಕೊಡ್ರಿ," ಎಂದರು. ಆಗಲಿ ಎಂದೆ. "ಯಾರಿಗರೆ ಪೆಟ್ಟುಗಿಟ್ಟು ಬಿದ್ದಿದ್ರ ಅದನ್ನೂ ಬರೀರಿ ಸರ್, ಓದೋರಿಗಿ ಛಲೋ ಅನಸ್ತದ," ಎಂದು ಸೇರಿಸಿದರು. "ಯಾಕ್ರಿ? ಯಾರು ಏನಂದ್ರು ನಿಮಗ?" ಎಂದು ನಾನು ಬಿರುಸಾಗಿ ಕೇಳಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪಾಪ, ಆಕೆ ಗಾಬರಿಯಾಗಿ ಫೋನಿಟ್ಟರು.

ನನ್ನ ಕುಂಬಳಕಾಯಿ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ಅಭ್ಯಾಸದ ವೇಳೆ ನನ್ನ ಗೆಳೆಯನ ಭುಜ ಮುರಿದದ್ದು ನನ್ನ ಕೈಯಿಂದ, ಅದೂ ಸೀಟಿ ಊದಿದ ಮೇಲೆ. ರೈಲಿನ ಸಪ್ಪಳದಲ್ಲಿ ಸೀಟಿ ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಎಲ್ಲರೂ ನಂಬಿದರು. ಸೀಟಿ ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

ಅಂದು ಸಂಜೆಯೇ ಬರೆಯಲು ಕೂತೆ. ಕೂತೆ, ಎದ್ದೆ, ನೀರು ಕುಡಿದೆ, ಬೀದಿಯ ತನಕ ಹೋಗಿ ಬಂದೆ. "ಮರಿ ಹಾಕಿದ ಬೆಕ್ಕಿನಂಗ ಎಟು ಸಲ ತಿರಗಾಡ್ತೀರಿ?" ಎಂದು ಹೆಂಡತಿ ಗದರಿದಳು. ಮೊದಲ ಪುಟವೇನೋ ಸಲೀಸಾಗಿ ಬಂತು.

ನಮ್ಮ ತಂಡ ಹುಟ್ಟಿದ್ದು ಒಂದು ಸುತ್ತೋಲೆಯಿಂದ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಈ ಆಟವೂ ಸೇರಿದೆ, ಆಸಕ್ತರು ಹೆಸರು ಕೊಡಿ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರು. ಅಮೆರಿಕನ್ ಫುಟ್‌ಬಾಲ್ ಎಂದರೇನೆಂದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಚೆಂಡು ದುಂಡಗಿಲ್ಲ, ಎರಡೂ ತುದಿಯಲ್ಲಿ ಚೂಪು. ಕಾಲಿಗಿಂತ ಕೈಯಲ್ಲೇ ಹೆಚ್ಚು ಇರುತ್ತದೆ. ಅದನ್ನು ಹೊತ್ತು ಓಡುವವನನ್ನು ಕೆಡವಬೇಕು. ಮೊಬೈಲಿನಲ್ಲಿ ವಿಡಿಯೊ ನೋಡಿ ಇಷ್ಟು ತಿಳಿದುಕೊಂಡೆವು. "ಕೆಡವೋದೇ ಆಟ ಅಂದ್ರ ನಮ್ಮ ಕಬಡ್ಡಿ ಹುಡುಗ್ರು ಸಾಕಲ್ಲ," ಎಂದರು ಕಬಡ್ಡಿ ಕೋಚು. ಅಲ್ಲಿಗೆ ತಂಡ ತಯಾರಾಯಿತು, ಕೋಚೂ ಅವರೇ ಆದರು.

ಸೇಡಂ, ಶಹಾಬಾದ, ಚಿತ್ತಾಪುರ, ಎಲ್ಲ ಕಡೆಯ ಹುಡುಗರೂ ರೈಲು ಹತ್ತಿ ಬಂದು ಸೇರಬಹುದಾದ ಜಾಗ ವಾಡಿ. ಹಾಗಾಗಿ ಅಲ್ಲಿನ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸ್ ಹಿಂದಿನ ಬಯಲೇ ನಮ್ಮ ಮೈದಾನ. ಪ್ಯಾಸೆಂಜರ್ ತಡವಾದ ದಿನ ಅರ್ಧ ತಂಡಕ್ಕೇ ಅಭ್ಯಾಸ. ನೆಲ ನಮ್ಮ ಕಡೆಯ ನೆಲವೇ, ಮೇಲೆ ಗೇಣುದ್ದ ಮಣ್ಣು, ಕೆಳಗೆ ಫರಸಿ ಕಲ್ಲು. ಬಿದ್ದವನಿಗೆ ದೇವರೇ ಗತಿ. ದಾಲ್ ಮಿಲ್ಲಿನಿಂದ ತೊಗರಿ ಹೊಟ್ಟಿನ ಚೀಲಗಳನ್ನು ತಂದು ಒಂದು ಮೂಲೆಯಲ್ಲಿ ಸುರಿದು, ಕೆಡವುವ ಪಾಠವನ್ನೆಲ್ಲ ಅದರ ಮೇಲೆ ಕಲಿತೆವು. ಮೊದಲೇ ನನ್ನದು ನಿಂತಲ್ಲಿ ನಿಲ್ಲದ ಮೈ. ಆ ಹೊಟ್ಟಿನ ತುರಿಕೆಯೂ ಸೇರಿ ತರಗತಿಯಲ್ಲಿ ನನ್ನನ್ನು ನೋಡಿದರೇ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು.

ಮೊದಲ ಎರಡು ವರ್ಷ ಹೊರ ರಾಜ್ಯಕ್ಕೆ ಹೋಗಿ ಆಡಿ ಸೋತು ಬಂದೆವು. ಅಂಕ ಹೇಳುವಂಥದ್ದಲ್ಲ. ನಮ್ಮ ತಪ್ಪು ಒಂದೇ, ಹಿಡಿಯುವುದು. ಕಬಡ್ಡಿಯಲ್ಲಿ ಒಮ್ಮೆ ಹಿಡಿದರೆ ಅವನ ಉಸಿರು ಮುಗಿಯುವ ತನಕ ಬಿಡಬಾರದು ಎಂದು ಚಿಕ್ಕಂದಿನಿಂದ ಕಲಿತ ಕೈಗಳು ನಮ್ಮವು. ಈ ಆಟದಲ್ಲಿ ಹಿಡಿಯಬಹುದಾದ್ದು ಚೆಂಡು ಹೊತ್ತವನನ್ನು ಮಾತ್ರ. ಅವನಿಗೆ ದಾರಿ ಮಾಡಿಕೊಡುವವರು ಎದುರಾಳಿಗಳನ್ನು ನೂಕಬೇಕೇ ಹೊರತು ಹಿಡಿಯುವ ಹಾಗಿಲ್ಲ. ನಾವೋ ಕೈಗೆ ಸಿಕ್ಕವರ ಸೊಂಟ, ಮೊಣಕಾಲು ತಬ್ಬಿ ಬಿದ್ದುಬಿಡುತ್ತಿದ್ದೆವು. ರೆಫರಿ ಪ್ರತಿ ಸಲ ಹತ್ತು ಗಜ ಹಿಂದಕ್ಕೆ ಕಳಿಸುತ್ತಿದ್ದ. "ಇನ್ನೊಂದೀಟು ಹಿಂದಕ್ಕ ಹೋದ್ರ ವಾಡಿ ಸ್ಟೇಷನ್ನೇ ಬರ್ತದ ನೋಡ್ರಿ," ಎಂದು ಕೋಚು ತಲೆ ಚಚ್ಚಿಕೊಂಡರು.

ಇಲ್ಲಿಯವರೆಗೆ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ, ನಕ್ಕಳು. ಮೂರನೇ ವರ್ಷಕ್ಕೆ ಬಂದಾಗ ಕೈ ನಿಂತಿತು.

ಆ ವರ್ಷ ನನ್ನ ಗೆಳೆಯನನ್ನು ತಂಡಕ್ಕೆ ಎಳೆದು ತಂದವನು ನಾನೇ. ಅವನು ಚಿಂಚೋಳಿ ಕಡೆಯವನು, ಚಂದ್ರಂಪಳ್ಳಿ ಕೆರೆಯ ಹತ್ತಿರದ ಹಳ್ಳಿ. ಚಿತ್ತಾಪುರದಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿ ಇದ್ದೆವು. ರಜೆಗೆ ಅವನ ಊರಿಗೆ ಹೋಗಿ ಅವನ ಅವ್ವ ಬಡಿದ ರೊಟ್ಟಿ ತಿಂದದ್ದಕ್ಕೆ ಲೆಕ್ಕವಿಲ್ಲ. ಕಬಡ್ಡಿಯಲ್ಲಿ ಅವನು ರೈಡಿಗೆ ಹೋದರೆ ಹಿಡಿಯುವವರು ಇರಲಿಲ್ಲ. ಅವನಿಗೆ ರೈಲ್ವೆ ನೌಕರಿಯ ಕ್ರೀಡಾ ಕೋಟಾದ ಕಬಡ್ಡಿ ಟ್ರಯಲ್ಸಿಗೆ ಕರೆ ಬಂದಿತ್ತು, ಹದಿನೈದು ದಿನ ಉಳಿದಿತ್ತು. "ಅಲ್ಲೀ ತನಕ ಯಾವ ಹೊಸ ಆಟಾನೂ ಆಡಬ್ಯಾಡ," ಎಂದು ಅವ್ವ ಅವನಿಗೆ ಹೇಳಿ ಕಳಿಸಿದ್ದಳು. "ಒಂದೇ ವಾರ ಬಾ, ಮೈ ಹಗುರಾಗ್ತದ," ಎಂದು ನಾನು ಪುಸಲಾಯಿಸಿದೆ. ಬಂದ.

ಬಂದವನೇ ಚೆಂಡು ಹೊತ್ತು ಓಡುವ ಜಾಗ ಹಿಡಿದ. ಮೂರು ವರ್ಷದಿಂದ ನಾನು ಬಯಸಿದ್ದ ಜಾಗ ಅದು. ಆ ಸಂಜೆ ಅವನನ್ನು ತಡೆಯುವ ಪಾಳಿ ನನ್ನದು. ನಾಲ್ಕು ಸಲ ನನ್ನ ಕೈಯಿಂದ ಜಾರಿ ಹೋದ. ಹುಡುಗರು ನಕ್ಕರು, ಅವನೂ ನಕ್ಕ. ಐದನೇ ಸಲ ಸೊಂಟ ಸಿಕ್ಕಿತು. ಹೊಟ್ಟು ಹಾಸಿದ ಮೂಲೆಯಿಂದ ನಾವು ದೂರ ಬಂದುಬಿಟ್ಟಿದ್ದೆವು, ಅದಕ್ಕೇ ನಿಲ್ಲಿಸಿ ಎಂದು ಕೋಚು ಸೀಟಿ ಊದಿದರು. ಅದೇ ಹೊತ್ತಿಗೆ ಗೂಡ್ಸ್ ಗಾಡಿಯೊಂದು ಹಾದುಹೋಗುತ್ತಿತ್ತು, ಅದು ನಿಜ. ಆದರೂ ಸೀಟಿ ಕೇಳಿಸಿತು. ನಾನು ಅವನನ್ನು ಎತ್ತಿ, ತಿರುಗಿಸಿ, ಕೆಡವಿದೆ. ಭುಜ ಕಲ್ಲಿಗೆ ಬಡಿದ ಸಪ್ಪಳ ಗಾಡಿಯ ಸಪ್ಪಳದಲ್ಲೂ ಕೇಳಿಸಿತು. ಯಾಕೆ ಕೆಡವಿದೆ? ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ.

ಅವನಿಗೆ ಟ್ರಯಲ್ಸಿಗೆ ಹೋಗಲಾಗಲಿಲ್ಲ. ಎಲುಬು ಕೂಡಿತು, ಆದರೆ ಬಲಗೈ ಕಿವಿಯ ಮೇಲಕ್ಕೆ ಇವತ್ತಿಗೂ ಏಳುವುದಿಲ್ಲ. ನನಗೆ ಅದೇ ಆಟದ ಸರ್ಟಿಫಿಕೇಟುಗಳಿಂದ ದೈಹಿಕ ಶಿಕ್ಷಣದ ಸೀಟು ಸಿಕ್ಕಿತು, ಆಮೇಲೆ ಈ ನೌಕರಿ. ಅವನು ಹೊಲ ನೋಡಿಕೊಂಡು, ಬಿಡುವಿದ್ದಾಗ ಟಂಟಂ ಆಟೊ ಓಡಿಸುತ್ತಾನೆ. ಮದುವೆ ಮುಂಜಿಗಳಲ್ಲಿ ಭೇಟಿಯಾಗುತ್ತೇವೆ, ಹಬ್ಬಕ್ಕೆ ಫೋನು ಮಾಡುತ್ತೇವೆ. ಅವನ ಮನೆಗೆ ಮಾತ್ರ ಅಂದಿನಿಂದ ನಾನು ಹೋಗಿರಲಿಲ್ಲ.

"ಅಭ್ಯಾಸದ ವೇಳೆ ಒಬ್ಬ ಆಟಗಾರನಿಗೆ ಪೆಟ್ಟಾಯಿತು" ಎಂದು ಬರೆದೆ. ಆ ಸಾಲನ್ನು ಹೊಡೆದುಹಾಕಿದೆ. ಮತ್ತೆ ಅದನ್ನೇ ಬರೆದೆ. ನಾಲ್ಕು ದಿನ ಹೀಗೇ ಆಯಿತು. ಪೆಟ್ಟಾಯಿತು ಅಂದರೆ ಏನು, ತಾನೇ ಆಯಿತೇ? ಭಾನುವಾರ ಬೆಳಿಗ್ಗೆ ತಡೆಯಲಾಗದೆ ರೈಲು ಹತ್ತಿ ಸೇಡಮ್ಮಿಗೆ ಹೋದೆ, ಅಲ್ಲಿಂದ ಚಿಂಚೋಳಿ ಬಸ್ಸು. ಸೀಟು ಖಾಲಿ ಇದ್ದರೂ ದಾರಿಯುದ್ದಕ್ಕೂ ಬಾಗಿಲ ಬಳಿ ನಿಂತೇ ಇದ್ದೆ.

ಅವನು ಮನೆ ಮುಂದೆ ಟಂಟಂ ತೊಳೆಯುತ್ತಿದ್ದ. "ಏನಲೇ ದೋಸ್ತ, ದಾರಿ ತಪ್ಪಿ ಬಂದೀಯೇನು?" ಎಂದು ನಕ್ಕ. ಕುಶಲ ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. "ಅವತ್ತು ಸೀಟಿ ನಂಗ ಕೇಳಿತ್ತು. ಕೇಳೇ ಕೆಡವೀನಿ. ನಿನ್ನ ಮ್ಯಾಲ ಹೊಟ್ಟಿಕಿಚ್ಚು ಇತ್ತು. ಈಗ ಪುಸ್ತಕದಾಗ ಬರೀ ಅಂತಾರ, ಬರೀಲೇನು?"

ಅವನು ನಲ್ಲಿ ಬಂದ್ ಮಾಡಿದ. ಪೈಪು ಸುತ್ತಿದ, ಎಡಗೈಯಲ್ಲಿ. "ಸೀಟಿ ನಂಗೂ ಕೇಳಿತ್ತಲೇ," ಎಂದ. "ಕೇಳಿದ್ಕೇ ಮೈ ಸಡಲ ಬಿಟ್ಟಿದ್ದೆ. ಇನ್ನೇನು ನೀ ಬಿಡ್ತಿ ಅಂತ."

ಇಷ್ಟು ವರ್ಷ ಹಬ್ಬಕ್ಕೆ ನನ್ನ ಫೋನು ಎತ್ತಿ ನಕ್ಕು ಮಾತಾಡಿದವನು ಎಲ್ಲ ತಿಳಿದೇ ಮಾತಾಡಿದ್ದ.

"ಪುಸ್ತಕದಾಗ ಏನರೆ ಬರಕೋ. ಅದನ್ನ ಇಲ್ಲಿ ಯಾರು ಓದ್ತಾರ?" ಎಂದ. "ಒಳಗ ಅವ್ವ ಅದಾಳ. ಆಕಿಗಿ ಹೋಗಿ ಹೇಳು. ನಿನ್ನ ಹೆಸರು ಕೆಡಬಾರದು ಅಂತ ನಾನೇ ಜಿಗಿದು ಬಿದ್ದೆ ಅಂತ ಹೇಳಿದ್ದೆ ಆಕಿಗಿ. ಕೈಯಾರೆ ನೌಕರಿ ಕಳಕೊಂಡಿ ಅಂತ ಈಗೂ ಬೈತಾಳ, ನನ್ನ ಹೆಂಡ್ತಿ ಮಕ್ಕಳ ಮುಂದ."

ಒಳಗೆ ಹೋದೆ. ಅವ್ವ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಗುರುತು ಹಿಡಿದು, "ಬಾರಪ್ಪ, ಭಾಳ ದಿನಕ್ಕ ನೆನಪಾತು," ಎಂದಳು. ಅವಳಿಗೆ ಸೀಟಿ, ಆಟದ ನಿಯಮ ಎಲ್ಲ ತಿಳಿಸಿ ಹೇಳಬೇಕೆಂದು ಹೊಸ್ತಿಲು ದಾಟುವಾಗ ಜೋಡಿಸಿಕೊಂಡ ಮಾತುಗಳು ಯಾವುವೂ ಬರಲಿಲ್ಲ. "ನಿನ್ನ ಮಗ ಜಿಗಿದು ಬಿದ್ದಿದ್ದಲ್ಲ ಅವ್ವ. ನಾ ಕೆಡವಿದ್ದು. ಬೇಕಂತಲೇ ಕೆಡವೀನಿ," ಎಂದೆ.

ಮೊರ ನಿಂತಿತು. ಬೈಯುತ್ತಾಳೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ನನ್ನ ಕಡೆ ನೋಡಲೇ ಇಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಮಗನನ್ನು ನೋಡಿದಳು.

"ಎಪ್ಪಾ," ಎಂದಳು, "ನಾ ಸುಮ್ಸುಮ್ಕ ಬೈದೆನಲ್ಲೋ ನಿನಗ, ಈಟು ವರ್ಷ."

ಅವನು ಬಂದು ಆಕೆಯ ಪಕ್ಕದಲ್ಲಿ ಕುಳಿತ. ಆಕೆ ಅವನ ಬಲ ಭುಜದ ಮೇಲೆ ಕೈಯಿಟ್ಟಳು. ನಾನು ನಿಂತೇ ಇದ್ದೆ. ನನಗೆ ಕುಂದ್ರು ಎಂದು ಯಾರೂ ಹೇಳಲಿಲ್ಲ.